ಪಾಲ್ಗಡಲಿನ ಪಾಲು

ಹಳಗನ್ನಡ ಕಾವ್ಯವನ್ನು ಸ್ವತಂತ್ರವಾಗಿ ಓದಲು ಕುಳಿತ ವಿದ್ಯಾರ್ಥಿಯ ಮುಂದೆ ನಿಘಂಟುಗಳ ಸಾಲೇ ಇರುತ್ತದೆ. ಪದ ಗೊತ್ತಿದ್ದರೆ ಅರ್ಥ ಸಿಕ್ಕಂತೆಯೇ ಎಂದು ಅವನು ಭಾವಿಸುವುದು ಸಹಜ. ಆದರೆ ಯಾವ ರೂಪವನ್ನು ಹಿಡಿದು ಹುಡುಕಬೇಕೆಂಬುದೇ ಮೊದಲ ತೊಡಕು.

‘ಪಾಲ್ಗಡಲ್’ ಎಂಬ ಪದವನ್ನೇ ನೋಡಬಹುದು. ಹಳಗನ್ನಡದಲ್ಲಿ ಕ್ಷೀರಕ್ಕೂ ಪಾಲ್, ಭಾಗಕ್ಕೂ ಪಾಲ್. ಪದಾದಿಯ ಪಕಾರವು ಹಕಾರವಾದಾಗ ಕ್ಷೀರವಾಚಿಯು ಹಾಲಾಯಿತು. ಭಾಗವಾಚಿಯು ಇಂದಿಗೂ ಪಾಲು. ಕೈಗೆ ಸಿಕ್ಕ ಚಿಕ್ಕ ಕೋಶವೊಂದರಲ್ಲಿ ‘ಪಾಲು’ ಕಂಡೊಡನೆ ಪುಸ್ತಕ ಮುಚ್ಚಿದವನಿಗೆ ವಿಷ್ಣುವಿನ ಕ್ಷೀರಸಾಗರವು ಹಂಚಿಕೊಂಡ ಕಡಲಾಗಿಬಿಡುತ್ತದೆ! ಪರೀಕ್ಷೆಯ ಉತ್ತರಪತ್ರಿಕೆಗಳಿಗೆ ಇಂಥ ಕಡಲುಗಳು ಹೊಸತೇನಲ್ಲ.

ನಾಗವರ್ಮನ ‘ಅಭಿಧಾನವಸ್ತುಕೋಶ’ ಪದ್ಯರೂಪದ್ದು. ಕಂಠಪಾಠ ಮಾಡಿದವನಿಗೆ ಅದು ಒಲಿಯುತ್ತದೆಯೇ ಹೊರತು ಅಕಾರಾದಿಯಾಗಿ ಹಾಳೆ ತಿರುವುವವನಿಗಲ್ಲ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ಕೋಶದಲ್ಲಿ ಸುಮಾರು 70,000 ಪದಗಳಿವೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಿತು. ಶಾಸನಗಳಿಂದಲೂ ಕಾವ್ಯಗಳಿಂದಲೂ ಆಯ್ದ ಪ್ರಯೋಗಗಳನ್ನು ಅದು ಒದಗಿಸುವುದರಿಂದ, ಎದುರಿಗಿರುವ ಪದ್ಯಕ್ಕೆ ಯಾವ ಪಾಲ್ ಹೊಂದುತ್ತದೆಂಬುದನ್ನು ಓದುಗನೇ ತೂಗಿ ನೋಡಬಹುದು. ಪುಣೆಯ ಡೆಕ್ಕನ್ ಕಾಲೇಜು 1948ರಲ್ಲಿ ಸಂಸ್ಕೃತಕ್ಕೆ ಕೈಗೊಂಡ ಚಾರಿತ್ರಿಕ ಕೋಶದ ಜಾಡೂ ಇದೇ. ಒಂದು ಕೋಶದಲ್ಲಿ ಪದ ಕಾಣದಿದ್ದರೆ ಅದು ಭಾಷೆಯಲ್ಲೇ ಇಲ್ಲವೆನ್ನಲಾಗದು. ಮೊದಲು ಕಂಡ ಅರ್ಥವೇ ಕವಿಯ ಅರ್ಥವೆನ್ನುವುದಂತೂ ಇನ್ನೂ ಅಪಾಯ. ಸಾಲಿನ ಕೊನೆಯ ಸಂಪುಟದವರೆಗೂ ಹೋಗಲೇಬೇಕು.

ಇದಕ್ಕೆ ತಿರುಗುಮುರುಗಾದ ತೊಂದರೆ ೞಕಾರದ್ದು. ಹಳಗನ್ನಡದಲ್ಲಿ ‘ಅೞಿ’ ಎಂದರೆ ನಾಶವಾಗು, ‘ಅಳಿ’ ಎಂದರೆ ದುಂಬಿ. ೞಕಾರ ಮರೆಯಾದ ಮೇಲೆ ಎರಡೂ ಒಂದೇ ಆದವು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿರುವುದನ್ನು ನೋಡಿದರೆ, ಗೊಂದಲ ಅವನ ಕಾಲಕ್ಕೇ ತಲೆದೋರಿತ್ತೆಂದು ಊಹಿಸಬಹುದು. ಲಿಪಿಕಾರನು ೞಕಾರದ ಸ್ಥಾನದಲ್ಲಿ ಳಕಾರವನ್ನು ಬರೆದಿದ್ದರೆ ಪರಿಷತ್ತಿನ ಎಂಟು ಸಂಪುಟಗಳೂ ದುಂಬಿಯ ಕಡೆಗೇ ದಾರಿ ತೋರಿಸಿಯಾವು. ಆಗ ನಿಘಂಟುಗಳನ್ನು ಬದಿಗಿಟ್ಟು, ಸಂಪಾದಕನು ಪುಟದ ಅಡಿಯಲ್ಲಿ ಕೊಟ್ಟಿರುವ ಪಾಠಾಂತರಗಳತ್ತ ಕಣ್ಣು ಹಾಯಿಸಬೇಕಾಗುತ್ತದೆ.