ಗೋಗಿಯ ಒಲೆ, ಇಡೀ ಮೀನು

ವಿಜಯಪುರದ ಗೋಳಗುಮ್ಮಟ ಕಂಡವರು ಆದಿಲಶಾಹಿ ಅರಸರೆಲ್ಲ ಅಂಥ ಗುಮ್ಮಟಗಳ ಕೆಳಗೇ ಮಲಗಿದ್ದಾರೆಂದು ತಿಳಿಯುವುದು ಸಹಜ. ಆದರೆ ವಂಶದ ಮೂಲಪುರುಷ ಯೂಸುಫ್ ಆದಿಲ್ ಶಾಹ 1510ರಲ್ಲಿ ತೀರಿಕೊಂಡಾಗ ಮಣ್ಣಾದದ್ದು ಶಹಾಪುರ ತಾಲೂಕಿನ ಗೋಗಿಯಲ್ಲಿ, ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾದ ನೆರಳಿನಲ್ಲಿ. 1534ರಲ್ಲಿ ಮಗ ಇಸ್ಮಾಯಿಲ್, 1558ರಲ್ಲಿ ಮೊಮ್ಮಗ ಇಬ್ರಾಹಿಂ ಕೂಡ ಅಲ್ಲಿಗೇ ಬಂದರು. ಗುಮ್ಮಟದ ಆಡಂಬರವಿಲ್ಲದ ಆ ಗೋರಿಗಳನ್ನು ನೋಡಲು ಬರುವ ಪ್ರವಾಸಿಗರು ಕಡಿಮೆ. ದರ್ಗಾಕ್ಕೆ ನಡೆದುಕೊಳ್ಳುವ ಭಕ್ತರೇ ಹೆಚ್ಚು.

ಸುತ್ತ ಎರೆಭೂಮಿ. ಜೋಳ, ತೊಗರಿ, ಹತ್ತಿ. ನಾರಾಯಣಪುರ ಅಣೆಕಟ್ಟಿನ ಕಾಲುವೆ ಮುಟ್ಟಿದ ಕಡೆ ಭತ್ತ. ಕೃಷ್ಣೆ ಒಂದು ಕಡೆ, ಭೀಮೆ ಇನ್ನೊಂದು ಕಡೆ ಇರುವ ಸೀಮೆಗೆ ಮೀನೇನೂ ಹೊಸತಲ್ಲ. ಆದರೆ ಇಲ್ಲಿನ ಒಲೆಗೆ ಬರುವ ಮೀನು ತುಂಡಾಗಿಯೇ ಬರುವುದು: ಒಂದಿಷ್ಟು ಹುಣಸೆಹುಳಿಯ ಸಾರಿಗೆ, ಒಂದಿಷ್ಟು ಎಣ್ಣೆಯ ಬಾಣಲೆಗೆ. ತಲೆಯಿಂದ ಬಾಲದ ತನಕ ಇಡಿಯಾಗಿ ಕೆಂಡದ ಮೇಲೆ ಸುಟ್ಟ ಮೀನು ಹೋಟೆಲಿನ ಕಲಿಕೆ. ದುಡಿಮೆಗೆಂದು ಹೈದರಾಬಾದು, ಬೆಂಗಳೂರು, ಪುಣೆಗಳಿಗೆ ಹೋಗುವವರು ಈ ಜಿಲ್ಲೆಯಲ್ಲಿ ಬಹಳ. ನಗರದ ರಸ್ತೆ ಬದಿಯ ಕಬ್ಬಿಣದ ಸರಳುಗಳ ಮೇಲೆ ಚುರುಗುಟ್ಟುವ ಮೀನನ್ನು ಕಂಡು, ಅದರ ಬೆಲೆ ಕೇಳಿ ಮುಂದೆ ನಡೆದವನಿಗೆ ಊರಿಗೆ ಬಂದಾಗ ಅದನ್ನು ಮನೆಯವರಿಗೆಲ್ಲ ಉಣಿಸುವ ಆಸೆ ಹುಟ್ಟಿದರೆ ತಪ್ಪೇನು?

ಮೊದಲ ಸಲ ಅದು ಕೆಡುವುದೇ ಹೆಚ್ಚು. ಮೇಲೆ ಕರಕಲು, ಮುಳ್ಳಿನ ಹತ್ತಿರ ಹಸಿ. ತಿರುಗಿಸಹೋದರೆ ಅರ್ಧ ಚರ್ಮ ಜಾಳಿಗೆಗೆ, ಅರ್ಧ ಬೂದಿಗೆ. ಒಂದು ದಿನದ ಕೂಲಿ ಕೊಟ್ಟು ತಂದ ಮೀನು ಹಾಗಾದರೆ ಮನೆಯವರ ಮುಖ ನೋಡುವುದು ಕಷ್ಟ.

ತಪ್ಪು ಬಹುಮಟ್ಟಿಗೆ ಸಂತೆಯಲ್ಲೇ ಆಗಿರುತ್ತದೆ. ರೋಹು, ಕಾಟ್ಲಾ ಸಾರಿಗೆ ಒಳ್ಳೆಯವು. ಆದರೆ ಮಾಂಸದೊಳಗೆಲ್ಲ ಸಣ್ಣ ಕವಲುಮುಳ್ಳು. ಇಡಿಯಾಗಿ ಸುಡಲು ಮುಳ್ಳು ಕಡಿಮೆಯ ಕೊರಮೀನು ಉತ್ತಮ. ಅದು ಗಾಳಿ ಕುಡಿದು ಬದುಕುವ ಜಾತಿಯಾದ್ದರಿಂದ ಜೀವಂತವಾಗಿಯೇ ಸಿಗುತ್ತದೆ. ಅದು ದುಬಾರಿಯೆನಿಸಿದರೆ ಜಿಲೇಬಿ ಮೀನು ಸಾಕು. ಮುಕ್ಕಾಲು ಕಿಲೋ ಮೀರಿದ್ದು ಬೇಡ, ಒಳಗೆ ಬೇಯುವಷ್ಟರಲ್ಲಿ ಹೊರಗೆ ಒಣಗಿರುತ್ತದೆ.

‘ಹೊಳಿದೋ ಕೆರಿದೋ?’ ಎಂದು ಕೇಳಿ ಕೊಳ್ಳುವುದು ಜಾಣತನ. ಕೆರೆ ಮೀನಿಗೆ ಕೆಸರಿನ ವಾಸನೆ ಇರಬಹುದು. ಗೋಗಿಯಲ್ಲಿ ನೀರಿನ ಮಾತು ಬಂದರೆ ಅದು ಮೀನಿಗೇ ನಿಲ್ಲುವುದಿಲ್ಲ. ಈ ನೆಲದಡಿ ಅಣು ಖನಿಜ ನಿರ್ದೇಶನಾಲಯ ಯುರೇನಿಯಂ ಗುರುತಿಸಿತು. ಗಣಿಯ ಯೋಜನೆ ಬಂದಾಗ ಊರವರು ವಿರೋಧಿಸಿದರು. ಬಾವಿ, ಕೆರೆ, ಹೊಲ ಏನಾದಾವು ಎಂಬುದೇ ಅವರ ದೊಡ್ಡ ಪ್ರಶ್ನೆಯಾಗಿತ್ತು. ಕುಡಿಯುವ ನೀರಿನ ಮೇಲೆ ಅನುಮಾನ ಬಿದ್ದ ಊರಿನಲ್ಲಿ ‘ಎಲ್ಲಿಯ ನೀರು?’ ಎಂದು ಕೇಳುವುದು ಬರೀ ನಾಲಗೆಯ ಚಪಲವಲ್ಲ.

ಇನ್ನು ಮೀನಿನ ಮಾತು. ಕೊರಮೀನಿನ ಲೋಳೆ ಹೋಗಲು ಒಲೆಯ ಬೂದಿ ಮತ್ತು ಕಲ್ಲುಪ್ಪು ಹಚ್ಚಿ ತಿಕ್ಕಬೇಕು. ಹುರುಪೆ, ಕಿವಿರು, ಕರುಳು ತೆಗೆದ ಮೇಲೆ ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನೂ ಕೆರೆಯಬೇಕು. ಕಹಿ ಇರುವುದು ಅಲ್ಲಿಯೇ. ಎರಡೂ ಮಗ್ಗುಲಿಗೆ ಮುಳ್ಳು ತಾಗುವಷ್ಟು ಆಳವಾಗಿ ಮೂರು ಮೂರು ಗೀರು ಎಳೆದು, ಉಪ್ಪು, ನಿಂಬೆರಸ ಸವರಿ ಕಾಲು ಗಂಟೆ ಬಿಟ್ಟು, ಬಿಟ್ಟ ನೀರನ್ನೆಲ್ಲ ಬಟ್ಟೆಯಿಂದ ಒರೆಸಬೇಕು. ಮನೆಯಲ್ಲಿ ಬಿಟ್ಟುಹೋಗುವುದು ಈ ಒರೆಸುವ ಕೆಲಸವೇ. ಒದ್ದೆ ಮೀನು ಸುಡುವುದಿಲ್ಲ, ಬೇಯುತ್ತದೆ, ಜಾಳಿಗೆಗೂ ಅಂಟುತ್ತದೆ.

ಮಸಾಲೆಗೆ ಶುಂಠಿ, ಬೆಳ್ಳುಳ್ಳಿ, ಅರಿಸಿನ, ಜೀರಿಗೆ, ಖಾರದಪುಡಿ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಒಂದು ಚಮಚ ಹುರಿದ ಕಡಲೆಹಿಟ್ಟು, ಸ್ವಲ್ಪ ಎಣ್ಣೆ. ಹೋಟೆಲಿನ ಕೆಂಪು ಬೇಕೆನ್ನುವವರಿಗೆ ಬ್ಯಾಡಗಿ ಮೆಣಸಿನಕಾಯಿ ಇದೆ. ಕೃತಕ ಬಣ್ಣದ ಮೋಹ ಎಷ್ಟಿತ್ತೆಂದರೆ ಮೀನಿನ ಕಬಾಬಿಗೂ ಅದನ್ನು ಹಾಕಕೂಡದೆಂದು 2024ರಲ್ಲಿ ರಾಜ್ಯ ಸರ್ಕಾರವೇ ಆದೇಶ ಹೊರಡಿಸಬೇಕಾಯಿತು.

ತಂದೂರು ಇಲ್ಲದಿದ್ದರೇನು, ಕೆಂಡಕ್ಕೆ ಇಲ್ಲಿ ಬರವಿಲ್ಲ. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ ಬೇಗ ಹೊತ್ತುತ್ತವೆ, ಅಷ್ಟೇ ಬೇಗ ಬೂದಿಯಾಗುತ್ತವೆ. ಅವು ಉರಿ ಹಚ್ಚಲು ಮಾತ್ರ. ಮೀನಿಗೆ ಬೇಕಾದದ್ದು ಜಾಲಿಯ ಗಟ್ಟಿ ಕೆಂಡ. ಜ್ವಾಲೆ ಇಳಿದು ಕೆಂಡದ ಮೇಲೆ ಬಿಳಿ ಬೂದಿ ಕೂರುವ ತನಕ ಕಾಯಬೇಕು. ಹಸಿದ ಮಕ್ಕಳು ಸುತ್ತ ಕೂತಾಗ ಆ ತಾಳ್ಮೆಯೇ ಕಷ್ಟ. ಜಾಳಿಗೆಯನ್ನು ಚೆನ್ನಾಗಿ ಕಾಯಿಸಿ, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ, ಮೀನು ಇಟ್ಟ ಮೇಲೆ ಕೈ ಕಟ್ಟಿಕೊಂಡಿರಬೇಕು. ಸುಟ್ಟ ಚರ್ಮ ತಾನಾಗಿಯೇ ಬಿಡುತ್ತದೆ, ಬಿಡದಿದ್ದರೆ ಇನ್ನೂ ಹೊತ್ತಾಗಿಲ್ಲ. ಮಗ್ಗುಲಿಗೆ ಎಂಟು ಹತ್ತು ನಿಮಿಷ. ಆಮೇಲೆ ಕೆಳಗಿಳಿಸಿ ಐದು ನಿಮಿಷ ಬಿಟ್ಟು, ಬೆಣ್ಣೆ ಸವರಿ ಮತ್ತೊಮ್ಮೆ ಕೆಂಡಕ್ಕೆ. ಈ ಎರಡನೇ ಸುಡುವಿಕೆಯೇ ಹೋಟೆಲಿನವರ ಗುಟ್ಟು. ಗೀರಿನೊಳಗೆ ಮಾಂಸ ಬೆಳ್ಳಗಾಗಿ ಮುಳ್ಳು ಬಿಟ್ಟಿದ್ದರೆ ಬೆಂದಂತೆ.

ತಟ್ಟೆಗೆ ಬಿಸಿ ಜೋಳದ ರೊಟ್ಟಿ, ಹೆಚ್ಚಿದ ಉಳ್ಳಾಗಡ್ಡಿ, ನಿಂಬೆಹೋಳು. ಬೆನ್ನಿನ ಕಡೆಯ ದಪ್ಪ ತುಂಡು ಮಕ್ಕಳಿಗೆ, ತಲೆ ಹಿರಿಯರಿಗೆ. ಒಲೆಯಲ್ಲಿ ಇನ್ನೂ ಕೆಂಡ ಉಳಿದಿರುವುದರಿಂದ ಎರಡು ಬದನೆಕಾಯಿ ಹೂತಿಟ್ಟರೆ ಬೆಳಗಿನ ರೊಟ್ಟಿಗೆ ಬಜ್ಜಿಯೂ ಆಯಿತು.