ಒಂದು ಚಿತ್ರಕ್ಕೆ ಮೂರು ಮನೆ

ಮಕ್ಕಳೇ, ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷಗಳ ನಂತರ! ಆಗ ನಾನು ತೆಗೆದ ಚಿತ್ರವೊಂದರಲ್ಲಿ ನಮ್ಮಮ್ಮ ಆ ನೀರನ್ನು ನೋಡುತ್ತ ನಿಂತಿದ್ದಾರೆ. ಈಗ ಅಮ್ಮ ಇಲ್ಲ. ಅಂಥ ಚಿತ್ರವನ್ನು ಇನ್ನೊಮ್ಮೆ ತೆಗೆಯಲಾಗದು. ಅದನ್ನು ಎಲ್ಲಿ ಇಟ್ಟರೆ ಉಳಿದೀತು?

ಡಿಜಿಟಲ್ ಚಿತ್ರವೆಂದರೆ ಸೊನ್ನೆ ಮತ್ತು ಒಂದುಗಳ ಉದ್ದನೆಯ ಸಾಲು. ಹಾರ್ಡ್ ಡಿಸ್ಕಿನಲ್ಲಿ ಅವು ಕಾಂತೀಯ ಗುರುತುಗಳಾಗಿರುತ್ತವೆ. ಡಿಸ್ಕ್ ಕೈಜಾರಿ ಬಿದ್ದರೆ ಕೆಡಬಹುದು. ಪೆನ್ ಡ್ರೈವಿನಲ್ಲಿ ಅವು ವಿದ್ಯುದಾವೇಶಗಳು. ವರ್ಷಗಟ್ಟಲೆ ಬಳಸದೆ ಇಟ್ಟರೆ ಮೆಲ್ಲನೆ ಸೋರಿಹೋಗಬಹುದು. ಮೊಬೈಲು ಕಳೆದೇ ಹೋಗಬಹುದು. ಎಂದೂ ಕೆಡದ ಸಾಧನ ಯಾವುದೂ ಇಲ್ಲ.

ಹಾಗಾದರೆ ಉಪಾಯವೇನು? ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಇದಕ್ಕೊಂದು ಪಾಠವಿದೆ. ಅಶೋಕನ ಒಂದೇ ಶಾಸನವನ್ನು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಬಂಡೆಯ ಮೇಲೆ ಕೊರೆಯಲಾಗಿದೆ. ಜಟಿಂಗ ರಾಮೇಶ್ವರದ್ದು ಬಹಳ ಸವೆದಿದೆ. ಆದರೂ ಮಾತು ಅಳಿದಿಲ್ಲ, ಬ್ರಹ್ಮಗಿರಿಯಲ್ಲಿ ಓದಬಹುದು.

ನಾನೂ ಮೂರು ಪ್ರತಿ ಮಾಡಿದೆ. ಒಂದು ಮನೆಯ ಕಂಪ್ಯೂಟರಿನಲ್ಲಿ, ಇನ್ನೊಂದು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ಹೊಸದುರ್ಗದಲ್ಲಿರುವ ತಂಗಿಯ ಮನೆಯ ಪೆನ್ ಡ್ರೈವಿನಲ್ಲಿ. ನಮ್ಮ ಮನೆಗೆ ಮಳೆನೀರು ನುಗ್ಗಿದರೂ, ಕಳ್ಳತನವಾದರೂ ಹೊಸದುರ್ಗದ ಪ್ರತಿ ಉಳಿಯುತ್ತದೆ. ವರ್ಷಕ್ಕೊಮ್ಮೆ ಮೂರನ್ನೂ ತೆರೆದು ನೋಡುತ್ತೇನೆ. ಒಂದು ಕೆಟ್ಟಿದ್ದರೆ ಚೆನ್ನಾಗಿರುವುದರಿಂದ ಹೊಸ ಪ್ರತಿ ಮಾಡಿದರಾಯಿತು.

ನಿಮ್ಮ ಮನೆಯವರ ಚಿತ್ರಗಳು ಎಷ್ಟು ಕಡೆ ಇವೆ? ಇಂದೇ ದೊಡ್ಡವರೊಂದಿಗೆ ಕುಳಿತು ಎಣಿಸಿ ನೋಡಿ.