ಮಾಮಾನ ಚೀಟಿ

ನಾನು ಚಿಕ್ಕವನಿದ್ದಾಗ ನಮ್ಮ ಬೀದರ್ ಕಡೆಯವರು ಊರು ನೋಡಲೆಂದೇ ಹೈದರಾಬಾದಿಗೆ ಹೋದದ್ದು ಕಡಿಮೆ. ಆಸ್ಪತ್ರೆಗೆ ಹೋಗುತ್ತಿದ್ದರು, ಮದುವೆ ಜವಳಿಗೆ ಹೋಗುತ್ತಿದ್ದರು. ಕೆಲಸ ಮುಗಿದ ಮೇಲೆ ಒಂದು ಹೊತ್ತು ಉಳಿದರೆ ಚಾರ್‌ಮಿನಾರ್. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ರಾಜಧಾನಿ ಬೆಂಗಳೂರಾಯಿತು. ಬೆಂಗಳೂರು ಸುಮಾರು 700 ಕಿಲೋಮೀಟರ್, ಹೈದರಾಬಾದು 140. ಕಾಲು ಹಳೆಯ ರಾಜಧಾನಿಯ ದಾರಿಯನ್ನೇ ಹಿಡಿಯುತ್ತಿತ್ತು. ಹೋದವರು ಇಳಿದುಕೊಳ್ಳುತ್ತಿದ್ದುದು ಬಾಲಾನಗರದ ನಮ್ಮ ಸೋದರಮಾವನ ಮನೆಯಲ್ಲಿ.

ಬಾಲಾನಗರ ಅಂದರೆ ಆಗ ಕಾರ್ಖಾನೆ. ಎಚ್‌ಎಎಲ್, ಔಷಧದ ಐಡಿಪಿಎಲ್ ದೊಡ್ಡವು. ಸುತ್ತ ಲೇತ್ ಶಾಪು, ಪ್ರೆಸ್ ಶಾಪು, ಫೌಂಡ್ರಿ. ಮಾಮಾ ಒಂದು ಪ್ರೆಸ್ ಶಾಪಿನಲ್ಲಿ ತಗಡು ಒತ್ತುವ ಕೆಲಸಕ್ಕಿದ್ದ. ಎರಡು ಖೋಲಿಯ ಮನೆ, ಹೊರಗೆ ಹಂಚಿಕೊಂಡ ನಲ್ಲಿ, ಗಾಳಿಯಲ್ಲಿ ಹೊತ್ತಿಗೊಂದು ರಾಸಾಯನಿಕದ ವಾಸನೆ. ಬಂದ ನೆಂಟರ ಜೊತೆ ತಿರುಗಲು ಅವನಿಗೆ ರಜೆ ಸಿಗುತ್ತಿರಲಿಲ್ಲ. ಅದಕ್ಕೆ ಚೀಟಿ ಬರೆದುಕೊಡುತ್ತಿದ್ದ, ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ. ಯಾವ ಬಸ್ಸು, ಎಲ್ಲಿ ಇಳಿಯುವುದು, ಎಲ್ಲಿ ಉಣ್ಣುವುದು. ಎಲ್ಲ ಚೀಟಿಯ ಮೊದಲ ಸಾಲು ಒಂದೇ: ಸುಕ್ಕರವಾರ ಹೋಗಬ್ಯಾಡ್ರಿ, ಮ್ಯೂಸಿಯಂ ಬಂದ್.

1982ರಲ್ಲಿ ಅಪ್ಪನ ಜೊತೆ ಹೋದಾಗ ನನಗೆ 11. ಬಾಲಾನಗರದಿಂದ ಅಫ್ಜಲ್‌ಗಂಜಿಗೆ ಸಿಟಿ ಬಸ್ಸಿನಲ್ಲಿ ಒಂದು ಗಂಟೆಯ ಮೇಲೆ ಹಿಡಿಯಿತು. ಸಾಲಾರ್ ಜಂಗ್ ಮ್ಯೂಸಿಯಂ ಗಡಿಯಾರದ ಮುಂದೆ 12 ಹೊಡೆಯುವುದನ್ನು ಕಾಯುತ್ತ ಜನ ನೆಲದ ಮೇಲೆ ಕೂತಿದ್ದರು. ನಾವೂ ಕೂತೆವು. ಗಡ್ಡದ ಗೊಂಬೆ ಹೊರಬಂದು ಗಂಟೆ ಬಾರಿಸಿತು. ಅಪ್ಪನಿಗೆ ಅದಕ್ಕಿಂತ ಹಿಡಿಸಿದ್ದು ಗಾಜಿನೊಳಗಿದ್ದ ಬಿದ್ರಿ ಹುಕ್ಕಾಗಳು. ಕಾವಲುಗಾರನಿಗೆ ದಖ್ಖನಿಯಲ್ಲಿ, ಈ ಕಪ್ಪು ಬಣ್ಣ ನಮ್ಮೂರ ಕೋಟೆಯ ಮಣ್ಣಿನಿಂದ ಬರುವುದು ಅಂತ ಬಿಡಿಸಿ ಹೇಳಿದ. ಅವನು ಕೇಳಿದ ಕೂಡ.

ನಾವು ಮಾಂಸ ತಿನ್ನದವರು. ಚೀಟಿಯಲ್ಲಿ ಊಟಕ್ಕೆ ಅಬಿಡ್ಸಿನ ತಾಜ್ ಮಹಲ್ ಹೋಟೆಲ್ಲು, ಚಹಾಕ್ಕೆ ಯಾವುದಾದರೂ ಇರಾನಿ. ಇರಾನಿ ಹೋಟೆಲಿನ ಬಿರಿಯಾನಿ ವಾಸನೆಗೆ ಅಪ್ಪ ಹಿಂಜರಿದ, ಉಸ್ಮಾನಿಯಾ ಬಿಸ್ಕತ್ತು ಚಹಾದಲ್ಲಿ ಅದ್ದಿದ ಮೇಲೆ ಸುಮ್ಮನಾದ. ಆ ಉಪ್ಪು-ಸಿಹಿ ರುಚಿ ಇವತ್ತಿಗೂ ಹಾಗೇ ಇದೆ ಅಂತ ನಾನು ಧೈರ್ಯವಾಗಿ ಹೇಳಬಲ್ಲೆ. ಮಾಂಸ ತಿನ್ನುವವರಿಗೂ ಒಂದು ಮಾತು: ಹಳೇ ಊರಿನ ‘ಕಲ್ಯಾಣಿ ಬಿರಿಯಾನಿ’ ದನದ ಮಾಂಸದ್ದು. ನಮ್ಮ ಬಸವಕಲ್ಯಾಣದ ನವಾಬರ ಡ್ಯೋಡಿಯಿಂದ, ಅಂದರೆ ಮಹಲಿನಿಂದ, ಬಂದ ಹೆಸರು ಅನ್ನುತ್ತಾರೆ. ಕೇಳಿಯೇ ತಿನ್ನಬೇಕು.

ಭಾನುವಾರ ಮಾಮಾನಿಗೆ ಬಿಡುವಿತ್ತು. ಗೋಲ್ಕೊಂಡಕ್ಕೆ ತಾನೇ ಕರೆದೊಯ್ದ. ಕೋಟೆ ಬಾಗಿಲ ಗುಮ್ಮಟದ ಕೆಳಗೆ ಚಪ್ಪಾಳೆ ಹೊಡೆದರೆ ಮೇಲೆ ಬಾಲಾ ಹಿಸಾರಿನ ತುದಿಯಲ್ಲಿ ಕೇಳುತ್ತದೆ. ವೈರಿ ಬಂದ ಸುದ್ದಿ ಮೇಲೆ ಮುಟ್ಟಿಸುವ ಉಪಾಯ. ಅಪ್ಪ ಕೆಳಗೆ ನಿಂತ. ನಾನೂ ಮಾಮಾನೂ ಮೆಟ್ಟಿಲು ಹತ್ತಿ ಹೋದೆವು. ಮೇಲೆ ಗಾಳಿ ಇರಲಿಲ್ಲ. ಒಂದು, ಎರಡು, ಮೂರು: ಸಣ್ಣಗೆ, ಆದರೆ ಸ್ಪಷ್ಟವಾಗಿ ಕೇಳಿತು. ಮಾಮಾ ನನ್ನ ಮುಖ ನೋಡುತ್ತಿದ್ದ.

“ಹೊಡದ್ರೇನೋ?”

“ಮೂರು ಸಲ ಹೊಡದ. ನಿನಗ ಕೇಳಲಿಲ್ಲೇನು ಮಾಮಾ?”

“ಕೇಳ್ತು, ಕೇಳ್ತು” ಅಂದ. ಇಳಿಯುವಾಗ ಮಾತಾಡಲಿಲ್ಲ.

ಪ್ರೆಸ್ ಮಷಿನ್ನಿನ ಹತ್ತಿರ ಎಂಟು ವರ್ಷ ನಿಂತವನ ಕಿವಿ. ಕಾರ್ಖಾನೆಯವರು ಕಿವಿಗೆ ಹತ್ತಿಯನ್ನೂ ಕೊಟ್ಟಿರಲಿಲ್ಲ. ಆಗ ನನಗೆ ಇದು ಹೊಳೆಯಲಿಲ್ಲ, ಮನೆಗೆ ಬಂದು ಅತ್ತಿಯ ಮುಂದೆ ನಕ್ಕೊಂಡು ಹೇಳಿದೆ. ಅತ್ತಿ ನಗಲಿಲ್ಲ. ಹಳೆಯ ಬಾಲಾನಗರ ಚೆನ್ನಾಗಿತ್ತು ಅಂತ ಯಾರಾದರೂ ಹೇಳಿದಾಗ ನನಗೆ ಆ ಕಿವಿ ನೆನಪಾಗುತ್ತದೆ.

ಈ ಜನವರಿಯಲ್ಲಿ ಮಗಳನ್ನು ಕರೆದುಕೊಂಡು ಹೋದೆ. ಮಾಮಾ ಇಲ್ಲ, ಆ ಸಾಲುಮನೆಯೂ ಇಲ್ಲ. ಐಡಿಪಿಎಲ್ 1990ರ ದಶಕದಲ್ಲೇ ಸೊರಗಿತು; ಆದರೆ ಅಲ್ಲಿ ದುಡಿದ ಅಂಜಿ ರೆಡ್ಡಿ 1984ರಲ್ಲಿ ಡಾ. ರೆಡ್ಡೀಸ್ ಕಟ್ಟಿದರು, ಊರು ಔಷಧದ ಊರಾಯಿತು. ಲಾರಿಗಳು ಗಂಟೆಗಟ್ಟಲೆ ನಿಲ್ಲುತ್ತಿದ್ದ ನರ್ಸಾಪುರ ಕ್ರಾಸಿನ ಮೇಲೆ 2021ರಲ್ಲಿ ಫ್ಲೈಓವರ್ ಬಂದಿದೆ. ನಾವು ಲಾಡ್ಜು ಹಿಡಿದೆವು. ಹೈದರಾಬಾದಿನಲ್ಲಿ ದುಡ್ಡು ಕೊಟ್ಟು ಮಲಗಿದ್ದು ನನ್ನ ಜೀವನದಲ್ಲೇ ಮೊದಲ ಸಲ. ಬಾಡಿಗೆಗಿಂತ ರಿಜಿಸ್ಟರಿನಲ್ಲಿ ‘ಬಂದ ಕಾರಣ’ ಎಂಬಲ್ಲಿ ‘ಊರು ನೋಡಲು’ ಅಂತ ಬರೆಯುವಾಗ ಕೈ ತಡೆಯಿತು.

ತಿರುಗಾಟ ಮಾತ್ರ ಈಗಲೇ ಸುಲಭ, ಅದರಲ್ಲಿ ಅನುಮಾನವಿಲ್ಲ. ಬೀದರ್ ಬಸ್ಸಿನಲ್ಲಿ ಬಂದವರು ಕೊನೆಯ ನಿಲ್ದಾಣದ ತನಕ ಟ್ರಾಫಿಕ್ಕಿನಲ್ಲಿ ಕೂರಬೇಕಿಲ್ಲ. ಮಿಯಾಪುರದಲ್ಲೇ ಇಳಿದು ಮೆಟ್ರೋ ಹತ್ತಬಹುದು. ಬಾಲಾನಗರ ಸ್ಟೇಷನ್ 2017ರ ನವೆಂಬರಿನಲ್ಲಿ ಶುರುವಾಯಿತು, ಮರುವರ್ಷ ಅದೇ ಸಾಲು ಎಲ್.ಬಿ. ನಗರದ ತನಕ ಹೋಯಿತು. ಬಾಲಾನಗರದಿಂದ ಎಂಜಿಬಿಎಸ್ ಬಸ್ ನಿಲ್ದಾಣಕ್ಕೆ ಈಗ ಅರ್ಧ ಗಂಟೆ, ಗಾಡಿ ಬದಲಿಸುವುದೇ ಬೇಡ. ಅಲ್ಲಿಂದ ಮ್ಯೂಸಿಯಂ, ಚಾರ್‌ಮಿನಾರ್‌ಗೆ ಆಟೋ. ನಡೆಯುವವರು ಪತ್ತರ್‌ಗಟ್ಟಿಯ ಕಮಾನುಗಳ ಕೆಳಗೆ ನಡೆಯಲಿ, ಲಾಡ್ ಬಜಾರಿನ ಬಳೆ ಸಂಜೆಗೆ ಇಟ್ಟುಕೊಳ್ಳಲಿ. ಅಪ್ಪನ ಜೊತೆ ಬಸ್ಸಿಳಿಯುತ್ತಿದ್ದ ಗೌಲಿಗುಡಾದ ಆ ತಗಡಿನ ದೊಡ್ಡ ಶೆಡ್ಡು 2018ರ ಜುಲೈಯಲ್ಲಿ ಕುಸಿಯಿತು. ಕೆಲವು ದಿನ ಮೊದಲೇ ಬಸ್ಸು ನಿಲ್ಲಿಸಿದ್ದರಿಂದ ಜೀವ ಹೋಗಲಿಲ್ಲ.

ಮಾಮಾನ ಚೀಟಿಯಲ್ಲಿಲ್ಲದ ಒಂದು ಜಾಗವನ್ನು ಮಗಳಿಗೆ ತೋರಿಸಿದೆ: ಚೌಮಹಲ್ಲಾ ಅರಮನೆ. ನಮ್ಮ ಕಡೆಯ ಕಂದಾಯ ತಿಂದ ನಿಜಾಮರ ದರ್ಬಾರು. ಆಗ ಒಳಗೆ ಬಿಡುತ್ತಿರಲಿಲ್ಲ, ಜನರಿಗೆ ತೆರೆದದ್ದು 2005ರಲ್ಲಿ. ಅದಕ್ಕೂ ಶುಕ್ರವಾರವೇ ರಜೆ. ಹಾಗಾಗಿ ಚೀಟಿಯ ಮೊದಲ ಸಾಲು ಈಗಲೂ ಖರೆ. ಶುಕ್ರವಾರ ಕೈಯಲ್ಲಿದ್ದರೆ ಗೋಲ್ಕೊಂಡ ನೋಡಿ, ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ, ನೀರು ಕೆಳಗೇ ತುಂಬಿಸಿಕೊಂಡು. ನಾವು ಹೋದದ್ದು 11ಕ್ಕೆ. ಗುಮ್ಮಟದ ಕೆಳಗೆ ಶಾಲೆಯ ಮಕ್ಕಳು ನೂರು ಜನ ಒಟ್ಟಿಗೆ ಚಪ್ಪಾಳೆ ಹೊಡೆಯುತ್ತಿದ್ದರು. ಮೇಲೆ ನಿಂತ ಮಗಳಿಗೆ ನನ್ನದು ಯಾವುದೋ ತಿಳಿಯಲಿಲ್ಲ.

ಸಂಜೆ ಮಾಮಾನ ಮಗನ ಮನೆಗೆ ಹೋದೆವು. ಅವನು ಓದಿದ್ದು ತೆಲುಗಿನಲ್ಲಿ. ಕನ್ನಡ ಶಾಲೆ ಅಂದರೆ ಕಾಚಿಗುಡಾದ ನೃಪತುಂಗ. ಬಾಲಾನಗರದಿಂದ ಚಿಕ್ಕ ಹುಡುಗ ದಿನಾ ಹೋಗಿ ಬರುವ ದೂರವಲ್ಲ. ತನ್ನಪ್ಪ ಬರೆದ ಚೀಟಿಗಳನ್ನು ಅವನು ಒಂದನ್ನೂ ಓದಿದವನಲ್ಲ. ಮಾತು ಮಾತ್ರ ನಮ್ಮದೇ, ಅತ್ತಿಯಿಂದ ಬಂದದ್ದು.

“ಮಕ್ಕಳು ಬೀದರ ಕಿಲ್ಲಾ ನೋಡಬೇಕಂತಾರ, ಅಣ್ಣಾ. ಏನೇನು ನೋಡೂದು, ಎಲ್ಲಿ ಇಳಕೊಳ್ಳೂದು, ಬರದು ಕಳಸ್ರಿ” ಅಂದ. ಆಮೇಲೆ ತಾನೇ ತಿದ್ದಿಕೊಂಡ: “ಬರೀಬ್ಯಾಡ್ರಿ, ಮಾತಾಡಿ ಕಳಸ್ರಿ.”

ಬೀದರಿಗೆ ಬಂದ ಮರುದಿನ ಫೋನು ಹಿಡಿದು ಹೇಳಿದೆ: ಇಳಕೊಳ್ಳೂದು ನಮ್ಮನ್ಯಾಗ, ಅದನ್ನೇನು ಕೇಳತಿ. ಕಿಲ್ಲಾಕ್ಕ ಬಿಸಿಲೇರೂದರಾಗ ಹೋಗೂಣು. ಗಾವಾನನ ಮದರಸಾ ಊರ ನಡಬರಕ ಅದ, ನಡಕೊಂಡೇ ಹೋಗಬಹುದು. ಝರಣಿ ನರಸಿಂಹನ ಗುಹಾದಾಗ ನೀರಿನಾಗೇ ನಡೀಬೇಕು, ತೆರದದೋ ಇಲ್ಲೋ ನಾ ಮೊದಲ ಕೇಳಿರ್ತೀನಿ. ಮಕ್ಕಳಿಗೆ ಇನ್ನೊಂದು ಜೊತಿ ಅರಬಿ ತಗೊಂಡು ಬಾ.